ನಾಣ್ಯದಗಲದ ಪವಾಡ

ಈ ಸಲದ ವಿಜ್ಞಾನ ದಿನಕ್ಕೆ ಚಿತ್ರದುರ್ಗದ ಕಾಲೇಜೊಂದರಲ್ಲಿ ಮಾತಾಡಲು ನನ್ನನ್ನು ಕರೆದಿದ್ದರು. ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯ ಹುಡುಗಿ, ಬೆಂಗಳೂರಿನಲ್ಲಿ ಪಾಲಿಮರ್ ಪದರಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ, ಇವಳನ್ನು ನೋಡಿ ನಮ್ಮ ಮಕ್ಕಳಿಗೂ ಹುರುಪು ಬರಲಿ ಎಂಬುದು ಅವರ ಆಸೆ. ಹುರುಪು ಬರಿಸುವ ಭರದಲ್ಲಿ ನಾನು ಹೀಗೊಂದು ಮಾತು ಹೇಳಿದೆ: "ತಮ್ಮಷ್ಟಕ್ಕೆ ತಾವೇ ಸಾಲುಗಟ್ಟಿ ನಿಲ್ಲುವ ಪಾಲಿಮರುಗಳಿವೆ. ಅವನ್ನು ಬಳಸಿ 250 ಡಿವಿಡಿಗಳ ಮಾಹಿತಿಯನ್ನು ಒಂದು ನಾಣ್ಯದಗಲದ ಜಾಗದಲ್ಲಿ ತುಂಬುವ ದಾರಿಯನ್ನು ವಿಜ್ಞಾನಿಗಳು 2009ರಲ್ಲೇ ಕಂಡುಹಿಡಿದಿದ್ದಾರೆ."

ಚಪ್ಪಾಳೆ ಬಿತ್ತು. ಪ್ರಾಂಶುಪಾಲರು ತಲೆದೂಗಿದರು. ಪ್ರಶ್ನೋತ್ತರದ ಹೊತ್ತಿಗೆ ಹಿಂದಿನ ಸಾಲಿನಿಂದ ಬಿಎಸ್ಸಿ ಎರಡನೇ ವರ್ಷದ ಹುಡುಗಿಯೊಬ್ಬಳು ಎದ್ದಳು.

"ಮೇಡಂ, ಅದು ಈಗ ಎಲ್ಲಿ ಸಿಗುತ್ತೆ?"

"ಎಲ್ಲೂ ಸಿಗಲ್ಲ," ಎಂದೆ.

ಸಭೆ ನಕ್ಕಿತು. ಅವಳು ನಗಲಿಲ್ಲ. "ಹಾಗಾದ್ರೆ ಅದು ಸುಳ್ಳಾ ಮೇಡಂ?"

ನಾನು ಏನೋ ಹಾರಿಕೆಯ ಉತ್ತರ ಕೊಟ್ಟು ಕೂತೆ. ಹಾರ, ಶಾಲು, ಫೋಟೊ ಎಲ್ಲ ಮುಗಿಯಿತು. ಆದರೆ ಆ ಪ್ರಶ್ನೆ ನನ್ನ ಜೊತೆ ಬಸ್ಸು ಹತ್ತಿತು. ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ನಾನು ಅವಳ ಮುಂದಿಟ್ಟಿದ್ದು ಒಂದು ಪವಾಡವನ್ನು. ಪವಾಡ ಕೇಳಿದವರಿಗೆ ಎರಡೇ ದಾರಿ: ನಂಬಬೇಕು, ಇಲ್ಲವೇ ಸುಳ್ಳೆನ್ನಬೇಕು. ಮೂರನೆಯ ದಾರಿಯನ್ನು ನಾನು ತೆರೆದೇ ಇರಲಿಲ್ಲ.

ಮನೆಗೆ ಬಂದರೆ ಅಪ್ಪ ಹಾಸಿಗೆಯ ಮೇಲಿದ್ದರು. ಹೋದ ವರ್ಷ ನನಗೆ ಹೇಳದೆ 38,000 ರೂಪಾಯಿ ಕೊಟ್ಟು ಕೊಂಡ 'ನ್ಯಾನೋ ಮ್ಯಾಗ್ನೆಟಿಕ್' ಹಾಸಿಗೆ ಅದು. ಮೊಣಕಾಲು ನೋವಿಗೆ. ಅಡಿಕೆ ಮಾರಿದ ದುಡ್ಡು ಕೈಗೆ ಬಂದ ವಾರವೇ ಮಾರುವವನು ಊರಿಗೆ ಬಂದಿದ್ದ. ರಕ್ತದಲ್ಲಿ ಕಬ್ಬಿಣ ಇದೆ, ಅಯಸ್ಕಾಂತ ಅದನ್ನು ಎಳೆಯುತ್ತೆ, ರಕ್ತ ಸರಾಗ ಓಡುತ್ತೆ, ವಿಜ್ಞಾನಿಗಳು ಕಂಡುಹಿಡಿದಿದ್ದಾರೆ ಎಂದು ಹೇಳಿದನಂತೆ. ನಾನು ರೇಗಿದಾಗ ಅಪ್ಪ ಮೆಲ್ಲಗೆ ಅಂದಿದ್ದರು: "ನೀನು ಓದೋದೂ ಅದೇ ಅಲ್ಲೇನವ್ವ, ನ್ಯಾನೋ, ಮ್ಯಾಗ್ನೆಟ್ಟು? ಅದಕ್ಕೇ ನಂಬಿಕೆ ಬಂತು."

ಆ ರಾತ್ರಿ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಹಾಸಿಗೆ ಮಾರುವವನದೊಂದು, ವೇದಿಕೆಯ ಮೇಲೆ ನಾನು ಹೇಳಿದ್ದೊಂದು. ಅವನದು ಸುಳ್ಳು, ನನ್ನದು ನಿಜ. ಆದರೆ ಎರಡರ ವ್ಯಾಕರಣ ಒಂದೇ. "ವಿಜ್ಞಾನಿಗಳು ಕಂಡುಹಿಡಿದಿದ್ದಾರೆ." ಯಾವ ವಿಜ್ಞಾನಿಗಳು, ಹೇಗೆ, ಎಷ್ಟರಮಟ್ಟಿಗೆ, ಆಮೇಲೆ ಏನಾಯಿತು? ಈ ನಾಲ್ಕಕ್ಕೂ ಎರಡು ವಾಕ್ಯಗಳಲ್ಲಿಯೂ ಜಾಗವಿಲ್ಲ. ಕೇಳುವವರಿಗೆ ನಿಜ ಸುಳ್ಳುಗಳನ್ನು ಬೇರೆ ಮಾಡಿ ನೋಡಲು ಹಿಡಿಯೇ ಇಲ್ಲ.

ನನ್ನ ತಕರಾರು ಇದು: ಕನ್ನಡದಲ್ಲಿ ನಾವು ವಿಜ್ಞಾನವನ್ನು ಪವಾಡದ ಧಾಟಿಯಲ್ಲಿ ಹೇಳುತ್ತಿದ್ದೇವೆ. ಸುದ್ದಿಯ ತಲೆಬರಹದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ, ವಿಜ್ಞಾನ ದಿನದ ಭಾಷಣಗಳಲ್ಲಿ ಹುಟ್ಟಿನ ಸುದ್ದಿ ಮಾತ್ರ ಇರುತ್ತದೆ. ಮಗು ಬೆಳೆಯಿತೇ, ಕುಂಟಿತೇ, ಸತ್ತಿತೇ ಎಂಬುದು ಮತ್ತೆ ಬರುವುದೇ ಇಲ್ಲ. ಸೋಲಿಲ್ಲದ ವಿಜ್ಞಾನ ಓದುಗರನ್ನು ಭಕ್ತರನ್ನಾಗಿ ಮಾಡುತ್ತದೆ. ಭಕ್ತರಿಗೆ ಹಾಸಿಗೆ ಮಾರುವುದು ಸುಲಭ.

ಮರುದಿನ ಬೆಳಿಗ್ಗೆ ಆ ಹುಡುಗಿಯನ್ನು ಹುಡುಕಿಕೊಂಡು ಮತ್ತೆ ದುರ್ಗಕ್ಕೆ ಹೋದೆ. ಅವಳು, ಅವಳ ಇಬ್ಬರು ಗೆಳತಿಯರು, ನಾನು ಜೋಗಿಮಟ್ಟಿಗೆ ಹೊರಟೆವು. ಅವಳಿಗೆ ನಾನು ಬಾಕಿ ಇಟ್ಟಿದ್ದ ಉತ್ತರವನ್ನು ಇಲ್ಲಿಯೂ ಹೇಳುತ್ತೇನೆ. ಇಂಥ ವಿಷಯ ಕನ್ನಡದಲ್ಲಿ ಹೇಳಲಾಗದು, ಹೇಳಿದರೂ ಸಾಹಿತ್ಯ ಓದುವವರಿಗೆ ಬೇಡ ಎನ್ನುವವರು ಇದನ್ನು ಓದಿ ಆಮೇಲೆ ಹೇಳಲಿ.

ಮೊದಲು ಚಂದ್ರವಳ್ಳಿಯಲ್ಲಿ ನಿಂತೆವು. ಅಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಕೆರೆ ಮಾಡಿಸಿದ್ದನ್ನು ಹೇಳುವ ಪ್ರಾಕೃತ ಶಾಸನವಿದೆ. ನಾಲ್ಕನೇ ಶತಮಾನದ್ದು. ಬರೆಯಲು ಉಳಿ, ಸುತ್ತಿಗೆ, ಬೆವರು ಬೇಕಾಯಿತು. ಅದಕ್ಕೇ 1,600 ವರ್ಷ ದಾಟಿಯೂ ನಿಂತಿದೆ. ಪಕ್ಕದ ಮಣ್ಣಿನ ಮೇಲೆ ಹುಡುಗಿಯೊಬ್ಬಳು ಕಡ್ಡಿಯಿಂದ ತನ್ನ ಹೆಸರು ಗೀಚಿದಳು. ಅದಕ್ಕೆ ಕ್ಷಣವೂ ಬೇಕಾಗಲಿಲ್ಲ, ಸಂಜೆಯವರೆಗೆ ಅದು ಉಳಿಯುವುದೂ ಇಲ್ಲ. ಸುಲಭವಾಗಿ ಬರೆದದ್ದು ಸುಲಭವಾಗಿ ಅಳಿಯುತ್ತದೆ, ಅಳಿಯಬಾರದೆಂದರೆ ಬರೆಯುವುದೇ ಕಷ್ಟ. ಹಾರ್ಡ್ ಡಿಸ್ಕಿನ ಇಡೀ ಚರಿತ್ರೆ ಈ ಇಕ್ಕಟ್ಟಿನೊಳಗೇ ನಡೆದಿದೆ.

1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲದ 50 ಬಿಲ್ಲೆಗಳಿದ್ದವು. ಒಂದು ಕೋಣೆಯ ಮೂಲೆ ತುಂಬುವಂಥ ಯಂತ್ರ. ಅದು ಹಿಡಿಯುತ್ತಿದ್ದುದು ಸುಮಾರು 5 ಮೆಗಾಬೈಟ್, ಅಂದರೆ ನಮ್ಮ ಮೊಬೈಲಿನ ಒಂದು ಫೋಟೊ. ಆಗ ಒಂದು ಚದರ ಅಂಗುಲದಲ್ಲಿ ಸುಮಾರು 2 ಸಾವಿರ ಬಿಟ್ ಹಿಡಿಯುತ್ತಿದ್ದವು. ಈಗ ಅದೇ ಜಾಗದಲ್ಲಿ ಲಕ್ಷ ಕೋಟಿಗೂ ಮೇಲೆ. ಬಿಲ್ಲೆಯ ಮೇಲಿನ ಕೋಬಾಲ್ಟ್ ಮಿಶ್ರಲೋಹದ ಪದರವನ್ನು ಹತ್ತಿರದಿಂದ ನೋಡಿದರೆ ರವೆಯ ಹಾಗೆ ಕಾಳುಕಾಳು. ಒಂದು ಕಾಳಿನ ಅಗಲ 10 ನ್ಯಾನೋಮೀಟರಿಗೂ ಕಡಿಮೆ. ಒಂದು ಕೂದಲಿನ ಅಗಲಕ್ಕೆ ಇಂಥ ಸಾವಿರಾರು ಕಾಳು ಸಾಲಾಗಿ ನಿಲ್ಲುತ್ತವೆ. ಒಂದೊಂದು ಕಾಳೂ ಒಂದು ಪುಟ್ಟ ಅಯಸ್ಕಾಂತ. ಒಂದು ಬಿಟ್ ಬರೆಯಲು ಹತ್ತಾರು ಕಾಳುಗಳನ್ನು ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಬೇಕು. ಇನ್ನೂ ಹೆಚ್ಚು ಬಿಟ್ ಬೇಕೆಂದರೆ ಕಾಳು ಸಣ್ಣದಾಗಬೇಕು.

ತೊಡಕು ಇರುವುದು ಇಲ್ಲೇ. ಕಾಳು ತೀರ ಸಣ್ಣದಾದರೆ ಕೋಣೆಯ ಬಿಸಿಗೇ ಅದು ಅಲುಗಿ ದಿಕ್ಕು ಬದಲಿಸಿಬಿಡುತ್ತದೆ. ಯಾರೂ ಮುಟ್ಟದಿದ್ದರೂ ಬರೆದದ್ದು ಅಳಿದುಹೋಗುತ್ತದೆ. ಅಲುಗದಂಥ ಗಟ್ಟಿ ಕಾಂತದ ಲೋಹ ತಂದರೆ, ಬರೆಯುವ ತಲೆಗೆ ಅದನ್ನು ತಿರುಗಿಸುವ ಬಲ ಸಾಲದು. ಒಂದು ಕಡೆ ಮಣ್ಣು, ಒಂದು ಕಡೆ ಬಂಡೆ.

ಇದಕ್ಕೊಂದು ಉಪಾಯ ಹೊಳೆಯಿತು. ಕಾಳುಗಳನ್ನು ಚೆಲ್ಲಿ ಹರಡುವ ಬದಲು ಅಳಗುಳಿಮಣೆಯ ಹಾಗೆ ಗುಳಿಗಳನ್ನು ಮಾಡಿದರೆ? ಗುಳಿಗೊಂದರಂತೆ ಲೋಹದ ಒಂದು ಇಡೀ ತುಂಡು, ತುಂಡಿಗೊಂದು ಬಿಟ್. ಹತ್ತಾರು ಕಾಳಿನ ಗುಂಪಿಗಿಂತ ಅದು ಸಣ್ಣದು, ಒಂದು ಕಾಳಿಗಿಂತ ದೊಡ್ಡದು. ಹಾಗಾಗಿ ಬಿಸಿಗೆ ಅಲುಗದು. ಆದರೆ ಚದರ ಅಂಗುಲಕ್ಕೆ ಲಕ್ಷ ಕೋಟಿ ಗುಳಿ ಬೇಕೆಂದರೆ ಗುಳಿಯಿಂದ ಗುಳಿಗೆ ಇರುವ ದೂರ ಸುಮಾರು 25 ನ್ಯಾನೋಮೀಟರ್. ಎಲೆಕ್ಟ್ರಾನ್ ಕಿರಣದಿಂದ ಒಂದೊಂದೇ ಗುಳಿ ಗುರುತಿಸುತ್ತ ಕೂತರೆ ಒಂದು ಬಿಲ್ಲೆಗೇ ದಿನಗಟ್ಟಲೆ ಬೇಕು. ಅಂಥ ಬಿಲ್ಲೆಯನ್ನು ಕೊಳ್ಳುವವರು ಯಾರು?

ಇಷ್ಟು ಹೇಳುವ ಹೊತ್ತಿಗೆ ನಾವು ಜೋಗಿಮಟ್ಟಿಯ ಮೇಲಿದ್ದೆವು. ಅಲ್ಲಿನ ಗಾಳಿ ಗೊತ್ತಿರುವವರಿಗೆ ಗೊತ್ತು. ಸುಮ್ಮನೆ ಗುಡ್ಡಗಳ ನೆತ್ತಿಯ ಮೇಲೆಲ್ಲ ಗಾಳಿಯಂತ್ರ ನೆಟ್ಟಿಲ್ಲ. ನನ್ನ ಕೈಯ ಹಾಳೆಗಳು ನಿಲ್ಲುತ್ತಿರಲಿಲ್ಲ. ಬಂಡೆಯ ಮರೆಯಲ್ಲಿ ಕೂತು ಪಾಲಿಮರಿನ ಕಥೆಗೆ ಬಂದೆ.

ಪಾಲಿಮರ್ ಎಂದರೆ ಉದ್ದನೆಯ ಸರಪಳಿಯಂಥ ಅಣು. ಮದುವೆ ಮಂಟಪದ ಥರ್ಮಾಕೋಲು ಪಾಲಿಸ್ಟೈರೀನ್ ಎಂಬ ಸರಪಳಿ. ಅಂಗಡಿ ಬೋರ್ಡಿನ ಅಕ್ರಿಲಿಕ್ ಹಾಳೆ ಪಿಎಂಎಂಎ ಎಂಬ ಸರಪಳಿ. ಈ ಎರಡಕ್ಕೂ ಎಣ್ಣೆ ನೀರಿನ ಸಂಬಂಧ, ಬೆರೆಯುವುದಿಲ್ಲ. ಇವನ್ನು ತುದಿಗೆ ತುದಿ ಕಟ್ಟಿ ಒಂದೇ ಸರಪಳಿ ಮಾಡಿದರೆ ಏನಾಗುತ್ತದೆ? ಎತ್ತು ಏರಿಗೆ ಎಳೆಯುತ್ತದೆ, ಕೋಣ ನೀರಿಗೆ ಎಳೆಯುತ್ತದೆ. ನೊಗ ಮಾತ್ರ ಬಿಡುವುದಿಲ್ಲ. ದೂರ ಹೋಗಲಾರದೆ, ಕೂಡಿ ಇರಲಾರದೆ ಅವು ಒಂದು ರಾಜಿಗೆ ಬರುತ್ತವೆ. ಎತ್ತುಗಳೆಲ್ಲ ಒಂದು ಕಡೆ, ಕೋಣಗಳೆಲ್ಲ ಇನ್ನೊಂದು ಕಡೆ. ಆದರೆ ನೊಗದ ಉದ್ದದಷ್ಟೇ ದೂರದಲ್ಲಿ. ಆ ಉದ್ದ ಕೆಲವು ಹತ್ತು ನ್ಯಾನೋಮೀಟರ್. ಎರಡರ ಪ್ರಮಾಣ ಸಮವಿದ್ದರೆ ಪಟ್ಟೆಪಟ್ಟೆಯಾಗಿ ನಿಲ್ಲುತ್ತವೆ. ಒಂದು ಕಡಿಮೆಯಾದರೆ ಅದು ಇನ್ನೊಂದರ ನಡುವೆ ಕಂಬಗಳಾಗಿ ನಿಲ್ಲುತ್ತದೆ. ಇನ್ನೂ ಕಡಿಮೆಯಾದರೆ ಗುಂಡುಗಳಾಗುತ್ತದೆ. ಇದೇ ತಾನಾಗಿ ಜೋಡಿಕೊಳ್ಳುವ ಪಾಲಿಮರ್.

2000ನೇ ಇಸವಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ರಸೆಲ್ ಮತ್ತು ಜೊತೆಗಾರರು ಇಂಥ ಪದರವನ್ನು ಕಾಯಿಸಿ, ವಿದ್ಯುತ್ ಕ್ಷೇತ್ರ ಹಾಯಿಸಿ ಅಕ್ರಿಲಿಕ್ ಕಂಬಗಳನ್ನು ನೆಟ್ಟಗೆ ನಿಲ್ಲಿಸಿದರು. ಅತಿನೇರಳೆ ಬೆಳಕಿಗೆ ಆ ಕಂಬಗಳು ಪುಡಿಯಾಗುತ್ತವೆ, ತೊಳೆದರೆ ಹೋಗುತ್ತವೆ. ಉಳಿದದ್ದು ತೂತುಗಳ ಜರಡಿ. ಆ ತೂತುಗಳೊಳಗೆ, ಪಾತ್ರೆಗೆ ಮುಲಾಮು ಹಾಕುವ ವಿದ್ಯುತ್ ವಿಧಾನದಲ್ಲೇ, ಕೋಬಾಲ್ಟ್ ತುಂಬಿದರು. ಚದರ ಅಂಗುಲಕ್ಕೆ ಲಕ್ಷ ಕೋಟಿಗೂ ಮೀರಿದ ಕಾಂತದ ಕಡ್ಡಿಗಳು! ಯಾರೂ ಒಂದೊಂದಾಗಿ ಕೊರೆಯಲಿಲ್ಲ.

ಪವಾಡದ ಕಥೆಯಾದರೆ ಇಲ್ಲಿಗೆ ಮಂಗಳ ಹಾಡಬೇಕು. ನಿಜವಾದ ಕಥೆ ಶುರುವಾಗುವುದೇ ಇಲ್ಲಿಂದ.

'ತಮ್ಮಷ್ಟಕ್ಕೆ ತಾವೇ ಸಾಲುಗಟ್ಟುತ್ತವೆ' ಎಂದೆನಲ್ಲ, ಅದು ಅರ್ಧ ಮಾತು. ಹಾಗೇ ಬಿಟ್ಟರೆ ಅವು ಓಣಿಓಣಿಯಾಗಿ ಸಾಲುಗಟ್ಟುತ್ತವೆ. ಒಂದು ಓಣಿಯ ಸಾಲು ಮೂಡಣಕ್ಕೆ, ಪಕ್ಕದ ಓಣಿಯದು ತೆಂಕಣಕ್ಕೆ. ನಡುವಿನ ಗಡಿಯಲ್ಲಿ ತಪ್ಪುಗಳ ರಾಶಿ. ನನ್ನ ಪಿಎಚ್‌ಡಿ ಕೆಲಸ ಬಹುಪಾಲು ಈ ತಪ್ಪುಗಳನ್ನು ಎಣಿಸುವುದೇ ಆಗಿದೆ. ಡಿಸ್ಕಿಗೆ ಓಣಿಯ ಶಿಸ್ತು ಸಾಲದು, ಊರಿಗೆ ಊರೇ ಒಂದು ಸಾಲಿಗೆ ಬರಬೇಕು. ಅದಕ್ಕೆ ಹೊರಗಿನಿಂದ ದಾರಿ ತೋರಿಸಬೇಕು. 2008ರಲ್ಲಿ ಹಿಟಾಚಿ ಕಂಪನಿಯ ರಿಕಾರ್ಡೊ ರುಯಿಜ್, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪಾಲ್ ನೀಲಿ ಮತ್ತು ಸಂಗಡಿಗರು ಎಲೆಕ್ಟ್ರಾನ್ ಕಿರಣದಿಂದ ನಾಲ್ಕರಲ್ಲಿ ಒಂದು ಗುರುತು ಮಾತ್ರ ಮಾಡಿ, ಉಳಿದ ಮೂರನ್ನು ಪಾಲಿಮರಿಗೇ ಬಿಟ್ಟರು. ಅದು ಖಾಲಿ ಜಾಗ ತುಂಬಿದ್ದಲ್ಲದೆ, ಗುರುತಿನಲ್ಲಿದ್ದ ಓರೆಕೋರೆಯನ್ನೂ ತಿದ್ದಿತು. 2009ರಲ್ಲಿ ರಸೆಲ್ ಮತ್ತು ಬರ್ಕ್ಲಿಯ ಟಿಂಗ್ ಶು ಅವರ ತಂಡಗಳು ನೀಲಮಣಿ ಹರಳನ್ನು ಸಾವಿರ ಡಿಗ್ರಿಗೂ ಮೇಲೆ ಕಾಯಿಸಿದವು. ಕಾದ ಹರಳಿನ ಮೈ ಗರಗಸದ ಹಲ್ಲಿನಂತೆ ಏಣುಏಣಾಯಿತು. ಆ ಏಣುಗಳನ್ನೇ ದಾರಿಯಾಗಿಸಿಕೊಂಡು ಪಾಲಿಮರ್ ಸಾಲುಗಟ್ಟಿತು. ಚದರ ಅಂಗುಲಕ್ಕೆ 10 ಲಕ್ಷ ಕೋಟಿ ತಾಣಗಳು. ನಾಣ್ಯದಗಲದಲ್ಲಿ 250 ಡಿವಿಡಿ ಎಂಬ ಮಾತು ಹುಟ್ಟಿದ್ದು ಆಗ.

ಆ ಮಾತಿನ ಲೆಕ್ಕ ಸರಿಯಾಗಿಯೇ ಇದೆ. ಆದರೆ ಅಲ್ಲಿದ್ದದ್ದು ಗುಳಿಗಳ ಸಾಲು, ಓದಿ ಬರೆಯಬಲ್ಲ ಡಿಸ್ಕ್ ಅಲ್ಲ. ಮಣೆ ಸಿದ್ಧವಾಗಿತ್ತು, ಆಟ ಶುರುವಾಗಿರಲಿಲ್ಲ. ಈ ಒಂದು ಸಾಲನ್ನು ನಾನು ಹಿಂದಿನ ದಿನದ ಭಾಷಣದಲ್ಲಿ ನುಂಗಿದ್ದೆ.

2013ರಲ್ಲಿ ವೆಸ್ಟರ್ನ್ ಡಿಜಿಟಲ್ ಒಡೆತನದ ಎಚ್‌ಜಿಎಸ್‌ಟಿ ಕಂಪನಿ, ಪಾಲಿಮರ್ ಜೋಡಣೆಯಿಂದ ಅಚ್ಚು ಮಾಡಿ, ಅಚ್ಚೊತ್ತಿ 10 ನ್ಯಾನೋಮೀಟರಿನ ಕಾಂತದ ಚುಕ್ಕೆಗಳನ್ನು ಮಾಡಿದ್ದೇವೆಂದು ಪ್ರಕಟಿಸಿತು. ಇನ್ನೇನು ಬಂತು ಎಂದುಕೊಂಡೆವು. ಬರಲಿಲ್ಲ. ಬರೆಯುವ ತಲೆ ಬಿಲ್ಲೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತ ಓಡಬೇಕು. ಗುಳಿ ಕೊರೆದ ಮೈ ಅಷ್ಟು ನುಣುಪಾಗಿರಬೇಕು. ಓಡುವ ತಲೆ ಪ್ರತಿ ಚುಕ್ಕೆಯ ನೆತ್ತಿಗೆ ಬಂದ ಆ ಗಳಿಗೆಗೇ ಬರೆಯಬೇಕು. ಕೂದಲೆಳೆ ತಪ್ಪಿದರೆ ಪಕ್ಕದ ಬಿಟ್ ಹಾಳು. ಪ್ರತಿ ಬಿಲ್ಲೆಯ ಮೇಲೂ ಅಚ್ಚೊತ್ತಿ ಕೆತ್ತಲು ಕಾರ್ಖಾನೆಯನ್ನೇ ಹೊಸದಾಗಿ ಕಟ್ಟಬೇಕು. ಈ ಎಲ್ಲದರ ಖರ್ಚು ತೂಗಿಸುವ ಹೊತ್ತಿಗೆ ಲ್ಯಾಪ್‌ಟಾಪುಗಳು ಹಾರ್ಡ್ ಡಿಸ್ಕನ್ನೇ ಬಿಟ್ಟು ಫ್ಲಾಷ್ ಮೆಮೊರಿಗೆ ಹೊರಟಿದ್ದವು.

ಬಂಡೆಯ ಮೇಲೆ ಬರೆಯುವ ಕಷ್ಟಕ್ಕೆ ಬೇರೆಯವರು ಬೇರೆ ಉತ್ತರ ಕಂಡುಕೊಂಡರು. ಅದು ನಮ್ಮ ಕಮ್ಮಾರರ ಕುಲುಮೆಯ ಉತ್ತರ: ಕಾಯಿಸು, ಬಡಿ, ತಣಿಸು. ಕಬ್ಬಿಣ ಮತ್ತು ಪ್ಲಾಟಿನಂ ಬೆರೆತ ಗಟ್ಟಿ ಕಾಂತದ ಕಾಳುಗಳನ್ನು ಬಿಲ್ಲೆಗೆ ಹಚ್ಚಿ, ಲೇಸರಿನಿಂದ ಒಂದು ಚುಕ್ಕೆಯಷ್ಟು ಜಾಗವನ್ನು ಗಳಿಗೆಯೊಳಗೆ 400 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಮೆತ್ತಗಾದ ಆ ಕ್ಷಣದಲ್ಲೇ ಬರೆಯುತ್ತಾರೆ, ತಣಿದ ಮೇಲೆ ಅಲುಗುವುದಿಲ್ಲ. 2024ರಲ್ಲಿ ಸೀಗೇಟ್ ಕಂಪನಿ 30 ಟೆರಾಬೈಟಿಗೂ ಮೀರಿದ ಡಿಸ್ಕುಗಳನ್ನು ಈ ದಾರಿಯಲ್ಲೇ ಹೊರತಂದಿತು. ಪಾಲಿಮರಿನ ಗುಳಿಮಣೆ ಪ್ರಯೋಗಾಲಯದಲ್ಲೇ ಉಳಿಯಿತು. ಪಾಲಿಮರಿಗೆ ದಾರಿ ತೋರಿಸುವ ವಿದ್ಯೆ ಮಾತ್ರ ಚಿಪ್ಪು ತಯಾರಿಸುವವರ ಕಡೆಗೆ ಹೋಗಿ ಅಲ್ಲಿ ಇನ್ನೂ ಪರೀಕ್ಷೆಗೆ ಒಳಗಾಗುತ್ತಿದೆ. ನಾನು ತಪ್ಪು ಎಣಿಸುತ್ತಿರುವುದೂ ಆ ಸಾಲಿನ ಕೊನೆಯಲ್ಲಿ ನಿಂತೇ.

"ಈಗ ಹೇಳು, ಅದು ಸುಳ್ಳಾ?" ಎಂದು ಕೇಳಿದೆ.

"ಇಲ್ಲ. ಆಗಿದ್ದೂ ನಿಜ, ಬರದೇ ಹೋಗಿದ್ದೂ ನಿಜ," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿನ್ನೇದಕ್ಕಿಂತ ಇದೇ ಚೆನ್ನಾಗಿದೆಯಲ್ಲ ಅಕ್ಕಾ," ಎಂದಳು. ಮೇಡಂ ಹೋಗಿ ಅಕ್ಕ ಬಂದಿತ್ತು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಕನ್ನಡದಲ್ಲಿ ಪದಗಳಿಲ್ಲ ಎಂಬುದು ಮೊದಲನೆಯದು. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 'ವಿಜ್ಞಾನ' ಎಂಬ ಮಾಸಪತ್ರಿಕೆ ನಡೆಸಿದರು. ಶಿವರಾಮ ಕಾರಂತರು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. ಅವರ ಕಾಲದಲ್ಲಿ ಪದಗಳು ಇನ್ನೂ ಕಡಿಮೆ ಇದ್ದವು. ಪಾಲಿಮರಿಗೆ ಪಾಲಿಮರ್ ಎಂದರೆ ಯಾರಿಗೂ ನಷ್ಟವಿಲ್ಲ. ಎತ್ತು, ಕೋಣ, ಕುಲುಮೆ, ಅಳಗುಳಿಮಣೆ ನಮ್ಮಲ್ಲೇ ಇವೆ. ನಮಗೆ ಕೊರತೆಯಿರುವುದು ಪದಗಳಿಗಲ್ಲ, 'ಆಮೇಲೆ ಏನಾಯಿತು' ಎಂದು ಮತ್ತೆ ಬರೆಯುವ ಅಭ್ಯಾಸಕ್ಕೆ.

ಎರಡನೆಯದು, ಸೋಲಿನ ಕಥೆ ಹೇಳಿದರೆ ಮಕ್ಕಳು ವಿಜ್ಞಾನಕ್ಕೆ ಬರುವುದಿಲ್ಲ, ಸರ್ಕಾರ ದುಡ್ಡು ಕೊಡುವುದಿಲ್ಲ ಎಂಬುದು. ಮಕ್ಕಳ ಮಾತಿಗೆ ಜೋಗಿಮಟ್ಟಿಯ ಬಂಡೆಯ ಮೇಲೆ ಉತ್ತರ ಸಿಕ್ಕಿತು. ದುಡ್ಡಿನ ವಿಷಯದಲ್ಲಿ ತಪ್ಪೊಪ್ಪಿಕೊಳ್ಳಬೇಕಾದವರು ನಾವೇ. ನನ್ನ ಸಂಶೋಧನಾ ಪ್ರಸ್ತಾವನೆಯ ಮೊದಲ ಪ್ಯಾರಾದಲ್ಲೂ 10 ಟೆರಾಬಿಟ್ಟಿನ ಮಾತಿದೆ. ಅದು ಡಿಸ್ಕಾಗಿ ಬರುವುದಿಲ್ಲ ಎಂದು ಗೊತ್ತಿದ್ದೂ ಬರೆದೆ. ಎಲ್ಲರೂ ಬರೆಯುತ್ತಾರೆ. ಪವಾಡದ ಆಸೆ ಹುಟ್ಟಿಸಿ ತಂದ ದುಡ್ಡಿಗೆ ಪವಾಡವನ್ನೇ ಲೆಕ್ಕ ಕೊಡಬೇಕಾಗುತ್ತದೆ. ಕೊಡಲಾಗದಿದ್ದಾಗ 'ಏನು ಪ್ರಯೋಜನ' ಎಂದು ಕೇಳಿದರೆ ಮುನಿಸಿಕೊಳ್ಳುವ ಹಕ್ಕು ನಮಗಿಲ್ಲ.

ನಮ್ಮ ಜಿಲ್ಲೆಗಂತೂ ಇದು ದೂರದ ಮಾತಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಕೊಟ್ಟಿದ್ದಾರೆ. ಇನ್ನೂ ಕೆಲವು ಸಂಸ್ಥೆಗಳಿಗೂ ಅಲ್ಲೇ ಜಾಗ ಸಿಕ್ಕಿದೆ. ಅದು ಅಮೃತಮಹಲ್ ಕಾವಲು, ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆಗ ನಮಗೆ ಹೇಳಿದ್ದು 'ವಿಜ್ಞಾನ ನಗರಿ' ಎಂಬ ಎರಡು ಪದ. ಅಲ್ಲಿ ಶಿಕ್ಷಕರಿಗೆ ಒಳ್ಳೆಯ ತರಬೇತಿಯೂ ನಡೆಯುತ್ತಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೇವಿನ ನೆಲ ಬಿಟ್ಟುಕೊಟ್ಟವರಿಗೆ ಅಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ, ಯಾವುದು ಸೋತಿತು ಎಂಬುದನ್ನು ಅವರ ಭಾಷೆಯಲ್ಲಿ ವರ್ಷವರ್ಷ ಹೇಳಬೇಕು. ತಲೆಬರಹ ಕೊಟ್ಟು ನೆಲ ತೆಗೆದುಕೊಳ್ಳುವುದು ಋಣ, ಋಣ ತೀರಿಸುವುದು ಪೂರ್ತಿ ಕಥೆಯಿಂದ.

ಮೂರನೆಯ ಆಕ್ಷೇಪ ಸಾಹಿತ್ಯದವರದು: ಇದು ನಮ್ಮ ಕೆಲಸವಲ್ಲ. ನಾನು ಒಪ್ಪುವುದಿಲ್ಲ. ವಿಜ್ಞಾನದ ಬಗ್ಗೆ ಕನ್ನಡಿಗರು ಅತಿ ಹೆಚ್ಚು ಪ್ರೀತಿಸಿದ ಕಾದಂಬರಿ ಯಾವುದು? ತೇಜಸ್ವಿಯವರ 'ಕರ್ವಾಲೊ'. ಅಷ್ಟೂ ಜನ ಕಾಡು ಸುತ್ತಿ ಹುಡುಕಿದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ಹಾರಿಹೋಗುತ್ತದೆ. ಸಿಕ್ಕಿಬಿಟ್ಟಿದ್ದರೆ ಅದು ಪತ್ರಿಕೆಯ ಒಂದು ತಲೆಬರಹವಾಗುತ್ತಿತ್ತು, ಅಷ್ಟೇ. ಸಿಗದೆ ಹೋದದ್ದನ್ನು ಓದಿ ನಾನು ವಿಜ್ಞಾನಕ್ಕೆ ಬಂದೆ. ನನ್ನಂಥವರು ಎಷ್ಟೋ ಜನ ಬಂದಿರಬೇಕು. ಸೋಲನ್ನು ಸೋಲಾಗಿಯೇ ಹೇಳಿ ಓದುಗರ ಕುತೂಹಲ ಉಳಿಸುವುದು ಹೇಗೆಂಬುದು ನಿಮಗೆ, ಕಥೆ ಬರೆಯುವವರಿಗೆ ಗೊತ್ತು. ಅದನ್ನು ನಮಗೂ ಕಲಿಸಿ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಗಾಳಿಯಿಂದ ವಸ್ತು ತೆಗೆಯುವವರನ್ನು ಎಲ್ಲರ ಮುಂದೆ ತೆಗೆದು ತೋರಿಸಿ ಎಂದು ಕೇಳುವ ಎದೆಗಾರಿಕೆ ಈ ನಾಡಿಗೆ ಆಗಲೇ ಇತ್ತು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಅವರು ಬದುಕಿಡೀ ಹೇಳಿದರು. ಆ ಮಾತನ್ನು ನಾವು ಬಾಬಾಗಳಿಗೆ ಮಾತ್ರ ಅನ್ವಯಿಸಿದೆವು. ಪ್ರಯೋಗಾಲಯದ ಬಿಳಿ ಕೋಟಿನ ಮುಂದೆ ಬಂದಾಗ ಕೈಮುಗಿದು ನಿಂತೆವು. ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ, ಏಕೆಂದರೆ ಅದು ಕೈಮುಗಿಸಿಕೊಳ್ಳಲು ಹುಟ್ಟಿದ್ದಲ್ಲ.

ಹಾಗಾಗಿ ನನ್ನದೊಂದು ಬೇಡಿಕೆ. ಕನ್ನಡದಲ್ಲಿ ವಿಜ್ಞಾನದ ಸುದ್ದಿ ಬರೆಯುವವರು 'ವಿಜ್ಞಾನಿಗಳು ಕಂಡುಹಿಡಿದಿದ್ದಾರೆ' ಎಂಬ ಪದಗುಚ್ಛವನ್ನು ಕೆಲವು ವರ್ಷ ಮುಟ್ಟಬಾರದು. ಯಾರು, ಎಲ್ಲಿ, ಹೇಗೆ ಎಂದು ಬರೆಯಲಿ. ಎಲ್ಲಿಗೆ ನಿಂತಿದೆ ಎಂದು ಬರೆಯಲಿ. ಐದು ವರ್ಷ ಬಿಟ್ಟು ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಏನಾಯಿತು ಎಂದು ಬರೆಯಲಿ. ವಿಶ್ವವಿದ್ಯಾಲಯಗಳು ಪ್ರತಿ ಪಿಎಚ್‌ಡಿ ಪ್ರಬಂಧದ ಜೊತೆ ಹತ್ತು ಪುಟದ ಕನ್ನಡ ಬರಹ ಕೇಳಲಿ. ಅದರಲ್ಲಿ ಏನು ಆಗಲಿಲ್ಲ ಎಂಬುದು ಇರಲೇಬೇಕು. ಯಾರೂ ಕೇಳದಿದ್ದರೂ ನಾನು ನನ್ನದನ್ನು ಬರೆಯುತ್ತೇನೆ.

ಮೊದಲ ಪುಟವನ್ನು ಬಾಯಲ್ಲೇ ಹೇಳಿದ್ದಾಯಿತು. ಜೋಗಿಮಟ್ಟಿಯಿಂದ ಇಳಿದು ಮನೆಗೆ ಬಂದ ಸಂಜೆ ಅಪ್ಪನ ಪಕ್ಕ ಕೂತು ಹಾಸಿಗೆಯ ಹೊಲಿಗೆ ಬಿಚ್ಚಿದೆ. ಒಳಗೆ ಸ್ಪಂಜಿನ ನಡುವೆ ನಾಣ್ಯದಗಲದ ಕಪ್ಪು ಅಯಸ್ಕಾಂತದ ಬಿಲ್ಲೆಗಳು ಸಾಲಾಗಿ, ಅಳತೆಯಿಟ್ಟು ಕೂರಿಸಿದ ಹಾಗೆ ಇದ್ದವು. ಒಂದನ್ನು ಅಪ್ಪನ ಕೈಗೆ ಕೊಟ್ಟು, ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದಂಥದ್ದಲ್ಲ ಎಂದೆ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಅಯಸ್ಕಾಂತ ಇದಕ್ಕಿಂತ ಎಷ್ಟೋ ಪಟ್ಟು ಜೋರು. ಅದರೊಳಗೆ ಮಲಗಿದರೂ ರಕ್ತ ಒಂದು ಕಡೆ ಸೇರುವುದಿಲ್ಲ ಎಂದೆ. ಹಾಗೇ ಎತ್ತು ಕೋಣದ ಕಥೆ, ಗುಳಿಮಣೆಯ ಕಥೆ, ಬರದೇ ಹೋದ ಡಿಸ್ಕಿನ ಕಥೆ, ನಾನು ಎಣಿಸುವ ತಪ್ಪುಗಳ ಕಥೆ ಎಲ್ಲವನ್ನೂ ಹೇಳಿದೆ. ನಾಲ್ಕು ವರ್ಷದಿಂದ ನಾನು ಏನು ಮಾಡುತ್ತಿದ್ದೇನೆಂದು ಮನೆಯಲ್ಲಿ ಹೇಳಿದ್ದು ಅದೇ ಮೊದಲು. 'ನಿಮಗೆ ತಿಳಿಯಲ್ಲ ಬಿಡಪ್ಪ' ಎಂದು ಎಷ್ಟು ಸಲ ಅಂದಿದ್ದೆನೋ.

ಅಪ್ಪ ಪೂರ್ತಿ ಕೇಳಿದರು. ಕೈಯಲ್ಲಿದ್ದ ಬಿಲ್ಲೆಯನ್ನು ಮಂಚದ ಕಬ್ಬಿಣದ ಕಾಲಿಗೆ ಅಂಟಿಸಿ, ಕಿತ್ತು, ಮತ್ತೆ ಅಂಟಿಸಿದರು.

"ಇದನ್ನ ಹೋದ ವರ್ಷವೇ ಹೇಳಬಾರದಿತ್ತೇನವ್ವ?" ಎಂದರು.